ಕಡಿಮೆ ದರವಲ್ಲ, ಕದ್ದ ಕೂಲಿ: ಒಂದು ಕಾವಲು ಗುತ್ತಿಗೆಯನ್ನು ನಾನೇಕೆ ಪ್ರಶ್ನಿಸಿದೆ



ನಮ್ಮ ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಯ ಕಾವಲು ಕೆಲಸವನ್ನು ಖಾಸಗಿ ಏಜೆನ್ಸಿಯೊಂದಕ್ಕೆ ವಹಿಸಿದ ಆದೇಶವನ್ನು ನಾನು ಪ್ರಶ್ನಿಸಿದ್ದೇನೆ. ಇಲಾಖೆಯ ಮೇಲಧಿಕಾರಿಗಳಿಗೂ ಕಾರ್ಮಿಕ ಇಲಾಖೆಗೂ ಲಿಖಿತ ದೂರು ಕೊಟ್ಟಿದ್ದೇನೆ. ಅಲ್ಲಿ ನ್ಯಾಯ ಸಿಗದಿದ್ದರೆ ಲೋಕಾಯುಕ್ತದ ಬಾಗಿಲಿಗೂ ಹೋಗುವವನಿದ್ದೇನೆ. ಇದನ್ನು ಕೇಳಿದ ಹಿತೈಷಿಗಳು ಕೆಲವರು, "ನಿವೃತ್ತರಾದ ಮೇಲೆ ಪೂಜೆ, ಓದು ಅಂತ ನೆಮ್ಮದಿಯಿಂದ ಇರಬಾರದೆ? ಯಾರಿಗೋ ಟೆಂಡರು ಆದರೆ ನಿಮ್ಮ ಗಂಟೇನು ಹೋಯಿತು?" ಎಂದರು. ಅವರಿಗೆ ಕೊಡಬೇಕಾದ ಉತ್ತರವನ್ನು ಎಲ್ಲರ ಎದುರಿಗೆ ಕೊಡುವುದೇ ಲೇಸೆಂದು ಈ ಲೇಖನ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನಾಗಲಿ ಏಜೆನ್ಸಿಯ ಹೆಸರನ್ನಾಗಲಿ ಹೇಳುವುದಿಲ್ಲ. ದೂರು ಇನ್ನೂ ವಿಚಾರಣೆಯಲ್ಲಿದೆ. ಮೇಲಾಗಿ ಈ ರೋಗ ಒಂದೇ ಕಚೇರಿಯದಲ್ಲ.

ನನ್ನ ಮಾತು ಇಷ್ಟೇ. ಕಾನೂನು ಗೊತ್ತುಮಾಡಿದ ಕೂಲಿಗಿಂತ ಕಡಿಮೆ ಹಣದಲ್ಲಿ ಆಳುಗಳನ್ನು ಒದಗಿಸುತ್ತೇನೆಂದು ಬರೆದುಕೊಟ್ಟ ಕಾಗದವನ್ನು ಟೆಂಡರು ಎಂದು ಕರೆಯಬಾರದು. ಅದು ಮುಂದೆ ನಡೆಯಲಿರುವ ಕಳವಿನ ಲಿಖಿತ ಸೂಚನೆ. ಅದನ್ನು ಓದಿ, ಕೂಡಿಸಿ, ಸಹಿ ಹಾಕಿ ಒಪ್ಪಿಕೊಂಡ ಕಚೇರಿ ಆ ಕಳವಿನಲ್ಲಿ ಪಾಲುದಾರ.

ವಿಷಯ ನನ್ನ ಗಮನಕ್ಕೆ ಬಂದದ್ದು ಕಾವಲುಗಾರರಿಂದಲೇ. ಹಳೆಯ ಏಜೆನ್ಸಿಯ ಅವಧಿ ಮುಗಿದು ಹೊಸದು ಬಂದಾಗ, ಅದೇ ಬಾಗಿಲಲ್ಲಿ ಅದೇ ಆಳುಗಳು ನಿಂತಿದ್ದರು. ಬದಲಾದದ್ದು ಅವರ ಕೈಗೆ ಬರುವ ಹಣ. ಕೆಲಸದಲ್ಲಿ ಮುಂದುವರಿಯಲು ಠೇವಣಿ ಕೊಡಬೇಕೆಂದರು. ಸಮವಸ್ತ್ರದ ಹಣ ಹಿಡಿದರು. ಎಂಟು ತಾಸಿನ ಪಾಳಿ ಹನ್ನೆರಡು ತಾಸಾಯಿತು. ಭವಿಷ್ಯ ನಿಧಿಯ ಖಾತೆಗೆ ಹಣ ಬರುತ್ತಿದೆಯೇ ಎಂದು ಕೇಳಿದವನಿಗೆ, "ನಾಳೆಯಿಂದ ಬರಬೇಡ" ಎಂಬ ಉತ್ತರ ಬಂತು. ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಟೆಂಡರಿನ ಕಡತ ಕೇಳಿದೆ. ಕಚೇರಿಯವರು 2005ರ ಕಾಯ್ದೆಯ 8(1)(ಡಿ) ಕಲಂ ತೋರಿಸಿ, ಇದು ವ್ಯಾಪಾರದ ಗುಟ್ಟು, ಕೊಡಲಾಗದು ಎಂದರು. ಮೊದಲ ಮೇಲ್ಮನವಿಯಲ್ಲಿ ಕಡತ ಹೊರಬಂತು.

ಅದರಲ್ಲಿ ನಾನು ಕಂಡದ್ದು ಮೂರು ಸಂಗತಿ. ಒಂದು, ಟೆಂಡರು ಷರತ್ತಿನಲ್ಲಿ ಆಸ್ಪತ್ರೆಯಲ್ಲಿ ಕಾವಲು ಸೇವೆ ಒದಗಿಸಿದ ಅನುಭವ ಕೇಳಿದ್ದರು. ಗೆದ್ದವರು ಲಗತ್ತಿಸಿದ ಪ್ರಮಾಣಪತ್ರ ಕಸಗುಡಿಸುವ ಗುತ್ತಿಗೆಯದು. ಎರಡು, ಕಾವಲು ಏಜೆನ್ಸಿಗೆ ಕಡ್ಡಾಯವಾದ ಲೈಸೆನ್ಸಿನ ಅವಧಿ ಬಿಡ್ ತೆರೆಯುವ ಹೊತ್ತಿಗೆ ಮುಗಿದಿತ್ತು. ಕಡತದಲ್ಲಿ ಇದ್ದದ್ದು ನವೀಕರಣಕ್ಕೆ ಅರ್ಜಿ ಹಾಕಿದ ರಸೀದಿ ಮಾತ್ರ. ಮೂರನೆಯದೇ ಎಲ್ಲದರ ಮೂಲ. ಅವರು ನಮೂದಿಸಿದ ದರ ಕಾನೂನುಬದ್ಧ ವೆಚ್ಚಕ್ಕಿಂತ ಕೆಳಗಿತ್ತು, ಸೇವಾಶುಲ್ಕದ ಕಾಲಮ್ಮಿನಲ್ಲಿ ಸೊನ್ನೆ ಇತ್ತು.

ಮೂವತ್ತು ವರ್ಷ ಸರಕಾರದ ಬಿಲ್ಲುಗಳನ್ನು ಪರಿಶೀಲಿಸಿದವನು ನಾನು. ಈ ಲೆಕ್ಕ ಎಷ್ಟು ಸರಳವೆಂದು ತಮಗೂ ತೋರಿಸುತ್ತೇನೆ. ಕನಿಷ್ಠ ಕೂಲಿ ಊರಿನ ವಲಯದ ಮೇಲೆ ಬೇರೆಬೇರೆಯಾಗುತ್ತದೆ, ತುಟ್ಟಿಭತ್ಯೆ ಸೇರಿ ವರ್ಷವರ್ಷ ಏರುತ್ತದೆ. ಲೆಕ್ಕದ ಅನುಕೂಲಕ್ಕೆ ತಿಂಗಳಿಗೆ 15,000 ರೂಪಾಯಿ ಎಂದು ಹಿಡಿಯೋಣ. ಅದರ ಮೇಲೆ ಭವಿಷ್ಯ ನಿಧಿಗೆ ಮಾಲೀಕನ ಪಾಲು, ವಿಮೆ ಹಾಗೂ ಆಡಳಿತ ಶುಲ್ಕ ಸೇರಿ ಶೇಕಡಾ 13, ಅಂದರೆ 1,950. ಇ.ಎಸ್.ಐ.ಗೆ ಮಾಲೀಕನ ಪಾಲು ಶೇಕಡಾ 3.25, ಅಂದರೆ ಸುಮಾರು 488. ಕಾನೂನು ಹೇಳುವ ಕನಿಷ್ಠ ಬೋನಸ್ಸು ಶೇಕಡಾ 8.33, ತಿಂಗಳ ಲೆಕ್ಕಕ್ಕೆ ಸುಮಾರು 1,250. ಕೂಡಿಸಿದರೆ 18,688. ವಾರದ ರಜೆಗೆ ಬದಲಿ ಆಳು, ಸಮವಸ್ತ್ರ, ತರಬೇತಿ, ಏಜೆನ್ಸಿಯ ಕಚೇರಿ ಖರ್ಚು ಇದರಲ್ಲಿ ಇಲ್ಲ. ಶೇಕಡಾ 18ರ ಜಿ.ಎಸ್.ಟಿ. ಬೇರೆ.

ಈಗ ಒಬ್ಬನು ಬಂದು, "ನಾನು 16,500ಕ್ಕೆ ಆಳು ಕೊಡುತ್ತೇನೆ, ನನಗೆ ಸೇವಾಶುಲ್ಕವೂ ಬೇಡ" ಎಂದರೆ ಅವನು ಏನು ಹೇಳಿದಂತಾಯಿತು? ಪ್ರತಿ ಆಳಿನ ಮೇಲೆ ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಹಣವನ್ನು ಕೈಯಿಂದ ಹಾಕುತ್ತೇನೆ ಎಂದು ಹೇಳಿದಂತಾಯಿತು. ಯಾವ ವ್ಯಾಪಾರಿಯೂ ಹಾಗೆ ಹಾಕುವುದಿಲ್ಲ. ಆ ಹಣ ಕಾವಲುಗಾರನ ಜೇಬಿನಿಂದಲೇ ಬರಬೇಕು. ನಿಧಿಗೆ ಕಟ್ಟದ ಹಣವಾಗಿ, ಹಾಜರಿ ಪುಸ್ತಕದಲ್ಲಿ ಕಡಿಮೆ ಬರೆದ ದಿನಗಳಾಗಿ, ಮೇಲ್ವಿಚಾರಕನ ಬಳಿ ಉಳಿದ ಎ.ಟಿ.ಎಂ. ಕಾರ್ಡಾಗಿ ಬರುತ್ತದೆ. ಸೇವಾಶುಲ್ಕ ಸೊನ್ನೆ ಎಂದ ಬಿಡ್‌ಗಳನ್ನು ಪರಿಗಣಿಸಲೇಬಾರದು ಎಂದು ಕೇಂದ್ರದ ಹಣಕಾಸು ಸಚಿವಾಲಯ 2014ರ ಜನವರಿಯಲ್ಲೇ ತನ್ನ ಕಚೇರಿಗಳಿಗೆ ಸುತ್ತೋಲೆ ಕಳಿಸಿತು. ಸೊನ್ನೆಯ ಹಿಂದೆ ಏನಿರುತ್ತದೆ ಎಂಬುದು ದಿಲ್ಲಿಗೆ ಅಂದೇ ತಿಳಿದಿತ್ತು.

ಪಾಳಿಯ ಲೆಕ್ಕವೂ ಹೀಗೆಯೇ. ಒಂದು ಬಾಗಿಲನ್ನು ಹಗಲೂ ರಾತ್ರಿ ಕಾಯಲು ದಿನಕ್ಕೆ ಎಂಟು ತಾಸಿನ ಮೂರು ಪಾಳಿ, ವಾರಕ್ಕೆ 21 ಪಾಳಿ. ವಾರಕ್ಕೊಂದು ದಿನ ರಜೆ ಇರುವವನು ಆರು ಪಾಳಿ ಮಾಡುತ್ತಾನೆ. 21ನ್ನು 6ರಿಂದ ಭಾಗಿಸಿದರೆ ಒಂದು ಬಾಗಿಲಿಗೆ ಮೂರೂವರೆ ಆಳು ಬೇಕು. ಆ ಆಸ್ಪತ್ರೆಯಲ್ಲಿ ಇಬ್ಬರು ಹನ್ನೆರಡು ಹನ್ನೆರಡು ತಾಸು ನಿಲ್ಲುತ್ತಿದ್ದಾರೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಸುಕಿನ ನಾಲ್ಕಕ್ಕೆ ಕಣ್ಣು ಮುಚ್ಚದೆ ನಿಲ್ಲಬೇಕಾದವನು ಅವನೇ. ಬಾಣಂತಿಯ, ಕೂಸಿನ, ರಾತ್ರಿ ಪಾಳಿಯ ನರ್ಸಿನ ಸುರಕ್ಷತೆ ಈ ಭಾಗಾಕಾರದಲ್ಲಿದೆ.

2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬಳ ಕೊಲೆಯಾದಾಗ ಇಡೀ ದೇಶ ಆಸ್ಪತ್ರೆಗಳ ಭದ್ರತೆಯ ಬಗ್ಗೆ ಮಾತಾಡಿತು. ಅಪರಾಧಿ ಪೊಲೀಸರ ಜೊತೆ ಕೆಲಸಕ್ಕಿದ್ದ ನಾಗರಿಕ ಸ್ವಯಂಸೇವಕ. ಇಂಥವರನ್ನು ಯಾವ ಕ್ರಮದಲ್ಲಿ ನೇಮಿಸಿಕೊಂಡಿರಿ, ಹಿನ್ನೆಲೆ ಪರಿಶೀಲಿಸಿದಿರಾ ಎಂದು ಸುಪ್ರೀಂ ಕೋರ್ಟು ಅಲ್ಲಿನ ಸರಕಾರವನ್ನು ಕೇಳಿತು. ಖಾಸಗಿ ಕಾವಲು ಏಜೆನ್ಸಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಕಾನೂನಾಗಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕಾವಲು ಏಜೆನ್ಸಿ ನಡೆಸುವುದು ಅಪರಾಧ, ಒಂದು ವರ್ಷದವರೆಗೆ ಸೆರೆವಾಸವಿದೆ. ಕಾವಲುಗಾರನ ಪೂರ್ವಾಪರ ಪರಿಶೀಲನೆಯೂ ತರಬೇತಿಯೂ ಆಗಿರಬೇಕು. ಕೇಂದ್ರದ ಮಾದರಿ ನಿಯಮಗಳು ಹೊಸಬನಿಗೆ 100 ತಾಸು ಪಾಠ, 60 ತಾಸು ಪ್ರಾಯೋಗಿಕ ತರಬೇತಿ ಹೇಳುತ್ತವೆ. ಅಧಿಕಾರಿಗಳೇ, ರಸೀದಿಯೊಂದನ್ನು ಲೈಸೆನ್ಸ್ ಎಂದು ಓದಿಕೊಂಡ ತಾವು ಇದರಲ್ಲಿ ಎಷ್ಟನ್ನು ಪರಿಶೀಲಿಸಿದಿರಿ?

ನನಗೆ ಬಂದ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

"ಕಡಿಮೆ ದರದವನಿಗೇ ಕೊಡಬೇಕೆಂದು ಕಾನೂನೇ ಹೇಳುತ್ತದೆ, ನಾವೇನು ಮಾಡೋಣ?" ಎಂಬುದು ಕಚೇರಿಯವರ ಮೊದಲ ಮಾತು. ಆ ಕಾನೂನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಅದರ 13ನೇ ಕಲಂ ಹೇಳುವ ಕನಿಷ್ಠ ಟೆಂಡರು ಎಂದರೆ, ಟೆಂಡರು ದಾಖಲೆಯಲ್ಲೇ ನಮೂದಿಸಿದ ಮಾನದಂಡಗಳ ಮೇಲೆ ತೂಗಿ ನೋಡಿದಾಗ ಕನಿಷ್ಠವಾದದ್ದು. ಮಾನದಂಡ ಮುಟ್ಟದವನ ದರವನ್ನು ತೂಗುವ ಪ್ರಶ್ನೆಯೇ ಬರುವುದಿಲ್ಲ. ಕಾನೂನು ತಕ್ಕಡಿ ಕೊಟ್ಟಿದೆ. ತಕ್ಕಡಿಗೆ ಹಾಕಬಾರದ್ದನ್ನು ಹಾಕಿ ಕಾನೂನನ್ನು ದೂರಿದರೆ ಹೇಗೆ?

"ಷರತ್ತಿನಲ್ಲಿ ಸಣ್ಣಪುಟ್ಟ ಸಡಿಲಿಕೆ ಸಹಜ" ಎಂಬುದು ಎರಡನೆಯದು. ಈ ಮಾತಿಗೆ ಸುಪ್ರೀಂ ಕೋರ್ಟು 1979ರಲ್ಲೇ ಉತ್ತರ ಕೊಟ್ಟಿದೆ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರಗೃಹ ನಡೆಸಲು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರು ಕರೆದಿತ್ತು. ಐದು ವರ್ಷ ಅನುಭವವಿರುವ, ಎರಡನೇ ದರ್ಜೆಯ ನೋಂದಾಯಿತ ಹೋಟೆಲಿನವರು ಬೇಕೆಂದು ಷರತ್ತು. ಗುತ್ತಿಗೆ ಸಿಕ್ಕದ್ದು ಕ್ಯಾಂಟೀನು ನಡೆಸಿದ ಅನುಭವವಿದ್ದವರಿಗೆ. ರಮಣ ದಯಾರಾಮ ಶೆಟ್ಟಿ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಸರಕಾರಿ ಸಂಸ್ಥೆ ತಾನೇ ಹಾಕಿದ ಮಾನದಂಡಕ್ಕೆ ತಾನು ಕಟ್ಟುಬಿದ್ದಿರಬೇಕು, ಮನಬಂದಂತೆ ಅದನ್ನು ಮೀರಿದರೆ ಸಂವಿಧಾನದ 14ನೇ ವಿಧಿಯ ಸಮಾನತೆಗೆ ಭಂಗ ಎಂದು ಸಾರಿದರು. ಕ್ಯಾಂಟೀನು ಹೋಟೆಲಲ್ಲ ಎಂದಾದರೆ ಕಸಗುಡಿಸುವುದು ಕಾವಲು ಹೇಗಾದೀತು? ಇನ್ನೊಂದನ್ನೂ ಹೇಳಬೇಕು. ಆ ಪ್ರಕರಣದಲ್ಲಿ ಗುತ್ತಿಗೆ ರದ್ದಾಗಲಿಲ್ಲ. ದೂರುದಾರ ತಡವಾಗಿ ಬಂದದ್ದು, ಅಷ್ಟರಲ್ಲಿ ಗುತ್ತಿಗೆದಾರರು ಬಹಳ ಹಣ ಹಾಕಿದ್ದು ಕಾರಣಗಳಾದವು. ಕೇಳುವವರು ಬೇಗ ಕೇಳಬೇಕು ಎಂಬುದು ನಮಗೆ ಅದರಿಂದ ಸಿಗುವ ಪಾಠ.

"ಟೆಂಡರಿನಲ್ಲಿ ಕೋರ್ಟುಗಳೇ ಕೈ ಹಾಕುವುದಿಲ್ಲ, ನೀವ್ಯಾರು?" ಎಂಬುದು ಮೂರನೆಯದು. 1994ರ ಟಾಟಾ ಸೆಲ್ಯುಲರ್ ತೀರ್ಪನ್ನು ಅರ್ಧ ಓದಿದವರು ಆಡುವ ಮಾತಿದು. ಅಧಿಕಾರಿಯ ತೀರ್ಮಾನದ ಮೇಲೆ ತಾನು ಮೇಲ್ಮನವಿ ಪ್ರಾಧಿಕಾರವಾಗಿ ಕೂರುವುದಿಲ್ಲ ಎಂದು ಕೋರ್ಟು ಹೇಳಿದ್ದು ನಿಜ. ಆದರೆ ಆ ತೀರ್ಮಾನಕ್ಕೆ ಬಂದ ದಾರಿಯನ್ನು ನೋಡುತ್ತೇನೆ, ಅದು ಕಾನೂನುಬಾಹಿರವೋ ವಿವೇಕಶೂನ್ಯವೋ ಆದರೆ ಬಿಡುವುದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ನಾನು ಕೇಳುತ್ತಿರುವುದು ದಾರಿಯನ್ನೇ.

"ನೀವು ಸೋತ ಏಜೆನ್ಸಿಯ ಪರ ವಕಾಲತ್ತು ಮಾಡುತ್ತಿದ್ದೀರಿ" ಎಂದವರೂ ಇದ್ದಾರೆ. ಎರಡನೇ ಸ್ಥಾನದವರಿಗೆ ಗುತ್ತಿಗೆ ಕೊಡಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಈ ಆದೇಶ ರದ್ದಾಗಲಿ, ಹೊಸದಾಗಿ ಟೆಂಡರು ಕರೆಯಿರಿ ಎಂದಷ್ಟೇ ಬರೆದಿದ್ದೇನೆ. ಇಲ್ಲೊಂದು ವಿಚಿತ್ರವಿದೆ. ಕರ್ನಾಟಕದ ಆ ಕಾಯ್ದೆಯ 16ನೇ ಕಲಮಿನಲ್ಲಿ, ಟೆಂಡರು ಒಪ್ಪಿದ ಆದೇಶದಿಂದ ಬಾಧಿತನಾದವನು ಮೇಲ್ಮನವಿ ಹಾಕಲು ಅವಕಾಶವಿದೆ, 30 ದಿನದ ಗಡುವಿದೆ. ಕಚೇರಿಗಳ ಕಣ್ಣಿಗೆ ಬಾಧಿತ ಎಂದರೆ ಬಿಡ್ ಸೋತ ವ್ಯಾಪಾರಿ. ಆ ಸಹಿಯಿಂದ ತಿಂಗಳಿಗೆ ಎರಡು ಸಾವಿರ ಕಳೆದುಕೊಳ್ಳುವವನು, ರಾತ್ರಿಯೆಲ್ಲ ನಿಲ್ಲುವವನು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅವನ ಪರವಾಗಿ ಬೇರೆ ಯಾರಾದರೂ ಕೇಳಬೇಕಾಗುತ್ತದೆ. ಅದಕ್ಕೇ ಕೇಳಿದ್ದೇನೆ.

ಕೊನೆಯದು, ಎಲ್ಲಕ್ಕಿಂತ ಗೌರವಸ್ಥವಾಗಿ ಕೇಳಿಸುವ ಆಕ್ಷೇಪ: "ಸಾರ್ವಜನಿಕ ಹಣ ಉಳಿಯಿತಲ್ಲ?" ಇದಕ್ಕೆ ಉತ್ತರ 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿದೆ. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ, ಸೇತುವೆಗಳ ಕೆಲಸ ನಡೆದಿತ್ತು. ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ. ಆಳು ತಂದ ಜಮಾದಾರರು ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೈಗಿಡುತ್ತಿದ್ದರು. ಗುತ್ತಿಗೆದಾರರು ಮಾಡಿದ್ದಕ್ಕೆ ನಾವು ಹೊಣೆಯಲ್ಲ ಎಂಬ ಮಾತನ್ನು ಕೋರ್ಟು ಒಪ್ಪಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಒಂದು ರೂಪಾಯಿಯ ಕಡಿತವನ್ನು ದೇಶದ ಅತ್ಯುನ್ನತ ನ್ಯಾಯಾಲಯ ಬಿಟ್ಟಿ ಚಾಕರಿಯ ಸಾಲಿಗೆ ಸೇರಿಸಿದ ಮೇಲೆ, ಎರಡು ಸಾವಿರದ ಕಡಿತವನ್ನು ಉಳಿತಾಯ ಎನ್ನಲು ಯಾವ ಲೆಕ್ಕಾಧಿಕಾರಿಗೆ ಅಧಿಕಾರವಿದೆ?

ಹೊಣೆಯಿಂದ ಜಾರಿಕೊಳ್ಳಲು ಸಾಧ್ಯವಾಗದಂತೆ ಕಾನೂನು ಇನ್ನೂ ಸ್ಪಷ್ಟ ಮಾತು ಹೇಳಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮಿನ ಪ್ರಕಾರ, ಕೂಲಿ ಬಟವಾಡೆಯ ಹೊತ್ತಿಗೆ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು ಪ್ರಮಾಣೀಕರಿಸಬೇಕಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ, ಕಡಿಮೆ ಕೊಟ್ಟರೆ, ಮೂಲ ಮಾಲೀಕನೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಬೇಕು. ಅದರ ಜಾಗಕ್ಕೆ ತಂದ 2020ರ ಸಂಹಿತೆಯಲ್ಲೂ ಈ ಹೊಣೆ ಉಳಿದಿದೆ. ಇಲ್ಲಿ ಮೂಲ ಮಾಲೀಕ ಯಾರು? ಆಸ್ಪತ್ರೆ, ಅಂದರೆ ಸರಕಾರ. ಇಂದು ಉಳಿಸಿದೆವೆಂದು ಬೀಗುವ ಹಣ ನಾಳೆ ಸರಕಾರದ ಮೇಲಿನ ಸಾಲ.

ಶರಣರ ಪತ್ರಿಕೆಯಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿಗೆ ಎರಡು ಮಾತು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು. ಸಾರ್ವಜನಿಕ ಬೊಕ್ಕಸದ ಕೀಲಿಕೈ ಹಿಡಿದವರು. ಬೊಕ್ಕಸದ ಲೆಕ್ಕ ಶುದ್ಧವಾಗಿರಬೇಕೆಂಬುದು ನಮಗೆ ಹೊರಗಿನಿಂದ ಬಂದ ಚಿಂತೆಯಲ್ಲ. ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ತಾಯಿ ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ತನ್ನ ಕಾಯಕಕ್ಕೆ ಮೀರಿದ್ದನ್ನು ಮನೆಗೆ ತರಬಾರದೆಂದರೆ, ಇನ್ನೊಬ್ಬನ ಕಾಯಕದ ಫಲವನ್ನು ಹಿಡಿದಿಟ್ಟುಕೊಳ್ಳುವುದು ಎಷ್ಟು ದೊಡ್ಡ ತಪ್ಪು! ಕಾವಲು ಕಾಯುವುದೂ ಕಾಯಕವೇ. ಮೇಲುಕೀಳಿಲ್ಲದ ಕಾಯಕವೆಂದು ವೇದಿಕೆಯ ಮೇಲೆ ಹೇಳಿ, ಬಾಗಿಲಲ್ಲಿ ನಿಂತವನ ಕೂಲಿಯನ್ನು ಕೀಳಾಗಿಸುವುದು ಹೇಗೆ ಸರಿ?

ಇದೇ ಮಾತನ್ನು ನಮ್ಮ ಮನೆಯ ಒಳಗೂ ಹೇಳಬೇಕು. ನಮ್ಮ ಮಠಗಳ ಶಾಲೆ, ಕಾಲೇಜು, ವಸತಿನಿಲಯ, ಆಸ್ಪತ್ರೆಗಳ ಬಾಗಿಲಲ್ಲೂ ಇಂದು ಏಜೆನ್ಸಿಯ ಕಾವಲುಗಾರರು ನಿಂತಿದ್ದಾರೆ. ಆಡಳಿತ ಮಂಡಳಿಯ ಎಷ್ಟು ಜನ ಸದಸ್ಯರು ಅವರ ವೇತನ ಚೀಟಿಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದ್ದಾರೆ? ದಾಸೋಹದಲ್ಲಿ ಅವರಿಗೂ ಪ್ರಸಾದವಿದೆ ಎನ್ನಬಹುದು. ಪ್ರಸಾದ ದಾಸೋಹದ್ದು, ಕೂಲಿ ಅವರ ಹಕ್ಕು. ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಲಾಗದು. ಸರಕಾರವನ್ನು ಪ್ರಶ್ನಿಸುವ ನಮ್ಮ ಮಾತಿಗೆ ಬಲ ಬರಬೇಕಾದರೆ ನಮ್ಮ ಸಂಸ್ಥೆಗಳ ಹಾಜರಿ ಪುಸ್ತಕ ಮೊದಲು ಶುದ್ಧವಿರಬೇಕು. ಪೂಜ್ಯರು ಈ ಮಾತನ್ನು ಅನ್ಯಥಾ ಭಾವಿಸದೆ ತಮ್ಮ ಸಂಸ್ಥೆಗಳಲ್ಲಿ ಒಮ್ಮೆ ಲೆಕ್ಕ ಕೇಳಬೇಕೆಂದು ವಿನಂತಿಸುತ್ತೇನೆ.

ಸರಕಾರದ ಮುಂದೆ ನಾನು ಇಟ್ಟಿರುವ ಬೇಡಿಕೆಗಳು ಇವು. ಸದರಿ ಗುತ್ತಿಗೆಯ ಆದೇಶವನ್ನು ರದ್ದುಪಡಿಸಿ ಹೊಸ ಟೆಂಡರು ಕರೆಯಬೇಕು. ಅಲ್ಲಿಯವರೆಗೆ ಈಗಿರುವ ಕಾವಲುಗಾರರನ್ನು ತೆಗೆಯಬಾರದು. ಈವರೆಗೆ ಕಡಿಮೆ ಕೊಟ್ಟ ಕೂಲಿ, ಕಟ್ಟದ ನಿಧಿ, ವಸೂಲು ಮಾಡಿದ ಠೇವಣಿಯನ್ನು ಆಸ್ಪತ್ರೆಯೇ ಕೊಟ್ಟು ಏಜೆನ್ಸಿಯಿಂದ ಪಡೆದುಕೊಳ್ಳಬೇಕು. ಮುಂದಿನ ಟೆಂಡರುಗಳಲ್ಲಿ ಕೂಲಿ, ಭವಿಷ್ಯ ನಿಧಿ, ಇ.ಎಸ್.ಐ., ಬೋನಸ್ಸು, ಬದಲಿ ಆಳಿನ ವೆಚ್ಚವನ್ನು ಕಚೇರಿಯೇ ಮೊದಲು ನಮೂದಿಸಿ, ಸ್ಪರ್ಧೆಯನ್ನು ಸೇವಾಶುಲ್ಕ ಮತ್ತು ಗುಣಮಟ್ಟಕ್ಕೆ ಮಾತ್ರ ಬಿಡಬೇಕು. ಸೊನ್ನೆ ಶುಲ್ಕದ ಬಿಡ್ಡನ್ನು ತೆರೆದ ದಿನವೇ ತಿರಸ್ಕರಿಸಬೇಕು. ಹಿಂದಿನ ತಿಂಗಳ ಕೂಲಿ ಬ್ಯಾಂಕಿಗೆ ಜಮೆಯಾದ ಮತ್ತು ನಿಧಿ ಕಟ್ಟಿದ ಚಲನ್ನಿನ ಪಟ್ಟಿ, ಆಳುಗಳ ಹೆಸರಿನ ಸಮೇತ, ಲಗತ್ತಾಗದ ಬಿಲ್ಲನ್ನು ಪಾಸು ಮಾಡಬಾರದು.

ಓದುಗ ಬಂಧುಗಳು ಮಾಡಬಹುದಾದದ್ದೂ ಇದೆ. ತಮ್ಮ ಊರಿನ ಸರಕಾರಿ ಆಸ್ಪತ್ರೆ, ವಸತಿನಿಲಯ, ಕಚೇರಿಯ ಬಾಗಿಲಲ್ಲಿ ನಿಂತವರನ್ನು ಕೇಳಿರಿ: ಎಷ್ಟು ತಾಸು ದುಡಿಯುತ್ತೀರಿ, ಕೈಗೆ ಎಷ್ಟು ಬರುತ್ತದೆ, ವೇತನ ಚೀಟಿ ಕೊಡುತ್ತಾರೆಯೇ? ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು; ಉತ್ತರಕ್ಕೆ 30 ದಿನದ ಗಡುವಿದೆ. ಕೇಳಬೇಕಾದ ಕಾಗದಗಳು ನಾಲ್ಕು: ದರಗಳ ತುಲನಾ ಪಟ್ಟಿ, ಏಜೆನ್ಸಿಯ ಲೈಸೆನ್ಸು, ಅನುಭವದ ಪ್ರಮಾಣಪತ್ರ, ಕಳೆದ ಮೂರು ತಿಂಗಳ ನಿಧಿ ಪಾವತಿಯ ಚಲನ್ನು. ಕೇಳಿದವನನ್ನು ಕೆಲಸದಿಂದ ತೆಗೆಯುತ್ತಾರೆಂಬ ಭಯ ಕಾವಲುಗಾರನಿಗಿದೆ. ನಮಗೆ ಆ ಭಯವಿಲ್ಲ. ಆದ್ದರಿಂದ ಅರ್ಜಿಯ ಕೆಳಗೆ ನಮ್ಮ ಹೆಸರಿರಲಿ.